ಮುರಿದ ದಿನ ಫೋನ್ ಮಾಡಿ

ಅಶ್ವತ್ಥಮ್ಮ ಮೇಡಂ ಕೈಗೆ ಹೋದ ವಸ್ತು ಇಡಿಯಾಗಿ ವಾಪಸ್ ಬರುತ್ತಿರಲಿಲ್ಲ. ಟೀ ಜೊತೆ ಬಿಸ್ಕತ್ತು ಕೊಟ್ಟರೆ ಎಲ್ಲರೂ ಅದ್ದಿಕೊಂಡು ತಿನ್ನುತ್ತಾರೆ. ಅವರು ಅದರ ಎರಡು ತುದಿ ಹಿಡಿದು ನಿಧಾನಕ್ಕೆ ಬಗ್ಗಿಸಿ, ಬಿರುಕು ಎಲ್ಲಿ ಹುಟ್ಟಿತು, ಯಾವ ಕಡೆ ಓಡಿತು ಎಂದು ನೋಡಿ, ಆಮೇಲೆ ಬಾಯಿಗೆ ಹಾಕುತ್ತಿದ್ದರು. ಹುಣಸೆ ಬೀಜ, ತೆಂಗಿನ ಚಿಪ್ಪು, ದೊಡ್ಡೇರಿ ಕಡೆ ಕೆರೆಯಲ್ಲಿ ಸಿಗುವ ಕಪ್ಪೆಚಿಪ್ಪು, ಕೋಳಿಯ ತೊಡೆಮೂಳೆ, ನನ್ನ ಅಂಗಡಿಯ ಹ್ಯಾಕ್ಸಾ ಬ್ಲೇಡು, ಒಂದು ಸಲ ನನ್ನ ಹೆಂಡತಿ ಗಂಗಮ್ಮನ ಹೊಸ ಬಾಚಣಿಗೆ, ಎಲ್ಲವೂ ಆ ಕೈಯಲ್ಲಿ ಎರಡಾಗಿವೆ. ಬೈದರೆ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ.

"ಮುರುದ್ರೇನೇ ಅಣ್ಣ ಅದು ಬಾಯಿ ಬಿಡೋದು. ಸುಮ್ನೆ ಇಟ್ರೆ ಏನೂ ಹೇಳಲ್ಲ," ಅನ್ನುತ್ತಿದ್ದರು.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಮಧುಗಿರಿಯ ಶಿರಾ ರಸ್ತೆಯಲ್ಲಿ ನನ್ನದೊಂದು ಲೇತು, ವೆಲ್ಡಿಂಗ್ ಅಂಗಡಿ ಇದೆ. ಟ್ರ್ಯಾಕ್ಟರ್ ಟ್ರೈಲರಿನಿಂದ ಹಿಡಿದು ಬೋರ್‌ವೆಲ್ ಪೈಪಿನ ತನಕ ಕೆಲಸ ಬರುತ್ತದೆ. ಒಂದು ಮಾತನ್ನು ಮಾತ್ರ ಮೊದಲೇ ಹೇಳಿಬಿಡುತ್ತೇನೆ, ಜಂಬ ಅಂದುಕೊಂಡರೂ ಪರವಾಗಿಲ್ಲ. ಹನುಮಂತರಾಯಪ್ಪನ ಅಂಗಡಿಯಿಂದ ಹೋದ ಕೆಲಸ ರಿಪೇರಿಗೆ ವಾಪಸ್ ಬರುವುದಿಲ್ಲ. ನನ್ನ ಮುಂದೆ ಅಂಗಡಿ ಹಾಕಿದವರು, ನನ್ನ ಹಿಂದೆ ಹಾಕಿದವರು, ಎಲ್ಲರೂ ಇದನ್ನು ಒಪ್ಪುತ್ತಾರೆ. ಮನಸ್ಸಿಲ್ಲದಿದ್ದರೂ ಒಪ್ಪುತ್ತಾರೆ.

ಇಂಥ ನನ್ನ ಕೆಲಸವನ್ನು ಓರೆ ಎಂದು ಹೇಳಿದ ಒಬ್ಬರೇ ಒಬ್ಬರು ಈ ಅಶ್ವತ್ಥಮ್ಮ.

ಅವರು ಪಾವಗಡ ತಾಲೂಕಿನವರು, ತಿರುಮಣಿಯ ಹತ್ತಿರದ ಹಳ್ಳಿ. ಮನೆ ಮಾತು ತೆಲುಗು, ಶಾಲೆ ಮಾತು ಕನ್ನಡ, ಸಂಶೋಧನೆ ಇಂಗ್ಲಿಷಿನಲ್ಲಿ. ಮೂರೂ ಸೇರಿ ಒಂದೇ ಉಸಿರಿನಲ್ಲಿ ಬರುತ್ತಿದ್ದವು. ಒಂದು ದೊಡ್ಡ ಸಂಸ್ಥೆಯಲ್ಲಿ ವಸ್ತುವಿಜ್ಞಾನದ ಕೆಲಸ. ಹೆಸರಿನ ಹಿಂದೆ ಡಾಕ್ಟರ್ ಎಂದಿದ್ದರಿಂದ ಗಂಗಮ್ಮ ಮೊದಲ ದಿನವೇ ಮಂಡಿ ನೋವು ಹೇಳಿಕೊಂಡಳು. ಮೇಡಂ ಮಂಡಿಯನ್ನು ಮುಟ್ಟಿ ನೋಡಿ, "ನಾನು ಮುರಿಯೋ ಡಾಕ್ಟ್ರು ಕಣಮ್ಮ, ಕೂಡ್ಸೋ ಡಾಕ್ಟ್ರಲ್ಲ," ಅಂದರು. ಬಾಚಣಿಗೆಯ ಸಂಗತಿ ಆದಮೇಲೆ ಗಂಗಮ್ಮನಿಗೆ ಆ ಮಾತಿನ ಮೇಲೆ ಪೂರ್ತಿ ನಂಬಿಕೆ ಬಂತು.

ನಮ್ಮ ಅಂಗಡಿಯ ಪಕ್ಕದಲ್ಲಿ ಹಳೆಯ ಕಡಲೆಕಾಯಿ ಗೋಡೌನು ಒಂದು ಖಾಲಿ ಬಿದ್ದಿತ್ತು. ಅದನ್ನೇ ಬಾಡಿಗೆಗೆ ಹಿಡಿದು ಪ್ರಯೋಗಶಾಲೆ ಮಾಡಿಕೊಂಡರು. ಸಂಸ್ಥೆಯವರು ಎರಡು ವರ್ಷ ಕೊಟ್ಟಿದ್ದರು. ಎರಡು ವರ್ಷ ಮುಗಿದ ದಿನ ಒಂದು ಸಮಿತಿ ಬಂದು ನೋಡುತ್ತದೆ. ಮೇಡಂ ಮಾಡುತ್ತೇನೆಂದ ವಸ್ತುವನ್ನು ಮಾಡಿ ತೋರಿಸಿದರೆ ಕೆಲಸ ಮುಂದುವರಿಯುತ್ತದೆ. ಇಲ್ಲದಿದ್ದರೆ ಗೋಡೌನಿಗೆ ಬೀಗ, ಮೇಡಂ ಕೆಲಸಕ್ಕೂ ಬೀಗ. ಅವರದು ಖಾಯಂ ನೌಕರಿ ಆಗಿರಲಿಲ್ಲ. ಇದನ್ನು ಅವರು ಹವಾಮಾನ ಹೇಳುವವರ ಹಾಗೆ ಹೇಳಿದರು. ನಾನೂ ಅಷ್ಟೇ ಸಲೀಸಾಗಿ ಕೇಳಿಸಿಕೊಂಡೆ. ಆಗ ಅದು ನನಗೆ ಸಂಬಂಧವಿಲ್ಲದ ಮಾತಾಗಿತ್ತು.

ಮಾಡಬೇಕಾಗಿದ್ದ ವಸ್ತು ಒಂದು ಹಾಳೆ. ಊಟದ ತಟ್ಟೆಯಷ್ಟು ಅಗಲ, ಒಂದು ನಾಣ್ಯದಷ್ಟು ದಪ್ಪ. ಹತ್ತು ಏಟು ಬಿದ್ದರೂ ಅದು ಒಡೆಯಬಾರದು. ಅಷ್ಟೇ ಅಲ್ಲ, ಏಟು ಬಿದ್ದಾಗ ಎಲ್ಲಿ ಸೋಲುತ್ತಿದ್ದೇನೆ ಎಂದು ಅದು ತಾನೇ ಬೆಳಕಿನಲ್ಲಿ ತೋರಿಸಬೇಕು.

"ಬೆಳಕು ಅಂದ್ರೆ? ಬಲ್ಬು ಇಡ್ತೀರಾ ಒಳಗೆ?" ಅಂದೆ.

"ಬಲ್ಬೂ ಇಲ್ಲ, ವೈರೂ ಇಲ್ಲ. ತೋರಿಸ್ತೀನಿ ಬನ್ನಿ. ಕತ್ತಲೆ ಬೇಕು."

ಮಟಮಟ ಮಧ್ಯಾಹ್ನ. ಮಧುಗಿರಿ ಬೆಟ್ಟದ ಬಂಡೆ ಕಾದು ಊರೆಲ್ಲ ಕಾವಲಿಯಾಗಿದ್ದ ಹೊತ್ತು. ಕತ್ತಲೆ ಎಲ್ಲಿಂದ ತರುವುದು? ಮೇಡಂ ನನ್ನ ಅಂಗಡಿಯಲ್ಲಿದ್ದ ಶಿರಾ ಕಂಬಳಿಯನ್ನು ತಂದು, ನೆಗಡಿಯಾದವರು ಹಬೆ ತೆಗೆದುಕೊಳ್ಳುವ ಹಾಗೆ ನನ್ನ ತಲೆಯ ಮೇಲೆ ಹೊದಿಸಿದರು. ಒಳಗೆ ನನ್ನ ಕೈಗೆ ಎರಡು ಇಕ್ಕಳ ಕೊಟ್ಟರು. ಇಕ್ಕಳಗಳ ಮಧ್ಯೆ ರಬ್ಬರಿನಂಥ ಒಂದು ಪಟ್ಟಿ. "ಕಣ್ಣು ಕತ್ತಲೆಗೆ ಹೊಂದಿಕೊಳ್ಳೋ ತನಕ ಸುಮ್ನಿರಿ. ಆಮೇಲೆ ಎಳೀರಿ." ಕಂಬಳಿಯ ಒಳಗೆ ಬೆವರು ಇಳಿಯುತ್ತಿತ್ತು. ಹೊರಗೆ ರಸ್ತೆಯಲ್ಲಿ ಯಾರೋ, "ಏನ್ಲಾ ಹನುಮಂತರಾಯ, ಇಂಥಾ ಬಿಸ್ಲಲ್ಲಿ ಚಳಿಜ್ವರ ಬಂದೈತಾ?" ಅಂದು ನಕ್ಕಿದ್ದು ಕೇಳಿಸಿತು. ನಾನು ಎಳೆದೆ.

ಪಟ್ಟಿ ಕಿತ್ತು ಹೋಗುವ ಮುಂಚಿನ ಗಳಿಗೆಯಲ್ಲಿ, ಅದರ ನಡುವೆ ಒಂದು ನೀಲಿ ಗೆರೆ ಬೆಳಗಿತು. ಬೆಂಕಿಯಲ್ಲ, ಕಿಡಿಯಲ್ಲ. ದಿನವೂ ವೆಲ್ಡಿಂಗ್ ಬೆಳಕು ನೋಡಿ ನೋಡಿ ಸವೆದ ಕಣ್ಣು ನನ್ನದು. ಅಂಥ ತಣ್ಣನೆಯ ಬೆಳಕನ್ನು ಅದು ಎಂದೂ ಕಂಡಿರಲಿಲ್ಲ.

ಕಂಬಳಿ ತೆಗೆದಾಗ ಮೇಡಂ ನನ್ನ ಮುಖವನ್ನೇ ನೋಡುತ್ತಿದ್ದರು. "ಪಾಲಿಮರ್ ಅಂದ್ರೆ ಸರಪಳಿ ಅಣ್ಣ, ಕಣ್ಣಿಗೆ ಕಾಣದಷ್ಟು ಸಣ್ಣ ಸರಪಳಿ. ಮಧ್ಯೆ ಮಧ್ಯೆ ನಾನು ಬೇಕಂತಲೇ ಒಂದೊಂದು ಬಡಕಲು ಕೊಂಡಿ ಸೇರಿಸಿದೀನಿ. ಎಳೆದ್ರೆ ಮೊದ್ಲು ಆ ಕೊಂಡಿ ಕಳಚ್ತದೆ. ಕಳಚೋವಾಗ ಒಂದು ಚೂರು ಬೆಳಕು ಬಿಡ್ತದೆ. ಇಲ್ಲಿ ನೋವಾಗ್ತೈತೆ ಅಂತ ಅದೇ ಹೇಳ್ತದೆ. ಒಂದು ಸಲ ಕಳಚಿದ ಕೊಂಡಿ ಮತ್ತೆ ಬೆಳಗಲ್ಲ."

ಬೆಳಕಿನ ಭಾಗ ಅವರಿಗೆ ಆಗಲೇ ಕೈ ಹತ್ತಿತ್ತು. ಫೋನು, ಟೀವಿ ಪರದೆಗಳಿಗೆ ಬಳಸುವ ಬೆಳಗುವ ಪ್ಲಾಸ್ಟಿಕ್ಕುಗಳ ಮೇಲೆ ಮೊದಲು ಕೆಲವು ವರ್ಷ ದುಡಿದಿದ್ದರು. ಕೈಗೆ ಬಾರದೆ ಇದ್ದದ್ದು ಗಟ್ಟಿತನದ ಭಾಗ. ಅದನ್ನು ಅವರು ಟಗರಿನ ಕೊಂಬಿನಿಂದ ಕಲಿಯಲು ಹೊರಟಿದ್ದರು.

"ಎರಡು ಟಗರು ಗುದ್ದಾಡೋದು ನೋಡಿದೀರಲ್ಲ. ಅಷ್ಟು ದೂರದಿಂದ ಓಡಿ ಬಂದು ಡಿಕ್ಕಿ ಹೊಡೀತವೆ. ಕೊಂಬು ಸೀಳಲ್ಲ. ನಮ್ಮ ಹೆಲ್ಮೆಟ್ ಒಂದೇ ಏಟಿಗೆ ಬಾಯಿ ಬಿಡ್ತದೆ. ಟಗರಿನ ತಲೇಲಿ ಇರೋದು ನಮ್ಮ ತಲೆಗೆ ಯಾಕೆ ಬರ್ಬಾರ್ದು?"

ಅವರನ್ನು ಈ ಹಾದಿಗೆ ಹಚ್ಚಿದ್ದು ಅವರ ತಾಯಿಯಂತೆ. ಅವರ ಹೊಲ ಸೋಲಾರ್ ಪಾರ್ಕಿಗೆ ಗುತ್ತಿಗೆಗೆ ಹೋಗಿತ್ತು. ಬಿರುಕು ಬಿಟ್ಟು ತೆಗೆದುಹಾಕಿದ ಫಲಕವೊಂದರ ಮುಂದೆ ನಿಂತು ತಾಯಿ, "ಇಂತ ಚದಿವಾವು ಕದಾ, ಇದಿ ಪಗಲಕುಂಡಾ ಏಮನ್ನಾ ಚೆಯ್ಯಮ್ಮಾ," ಅಂದರಂತೆ. ಇಷ್ಟು ಓದಿದ್ದೀಯಲ್ಲ, ಇದು ಒಡೆಯದ ಹಾಗೆ ಏನಾದರೂ ಮಾಡು ಎಂದು. ಮೇಡಂ ಅದನ್ನು ಹೇಳುವಾಗ ನಗುತ್ತಿದ್ದರು. ಆದರೆ ಆ ಮಾತನ್ನು ಅವರು ನಗುವುದಕ್ಕಾಗಿ ಇಟ್ಟುಕೊಂಡಿರಲಿಲ್ಲ.

ಏಟು ಹೊಡೆಯಲು ಅವರಿಗೆ ಒಂದು ಯಂತ್ರ ಬೇಕಾಗಿತ್ತು. ಎರಡು ಉದ್ದನೆಯ ಕಂಬಿ, ಅವುಗಳ ಮಧ್ಯೆ ಜಾರಿಬೀಳುವ ಒಂದು ತೂಕ, ತೂಕದ ಮೂತಿಗೆ ಉಕ್ಕಿನ ಗುಂಡು. ಕೆಳಗೆ ಇಟ್ಟ ತುಂಡಿನ ನಟ್ಟನಡುವೆ ಗುಂಡು ಬೀಳಬೇಕು. ಇಂಗ್ಲಿಷಿನಲ್ಲಿದ್ದ ಡ್ರಾಯಿಂಗನ್ನು ನನ್ನ ಮುಂದಿಟ್ಟರು. ನಾನು ಮಡಿಸಿ ವಾಪಸ್ ಕೊಟ್ಟು, "ನೆಲದ ಮೇಲೆ ಬರೆದು ತೋರ್ಸಿ," ಅಂದೆ. ಅವರು ಮುಖ ಕೆಡಿಸಲಿಲ್ಲ. ಸೀರೆ ಸೆರಗು ಸಿಕ್ಕಿಸಿಕೊಂಡು, ಕುಕ್ಕರುಗಾಲಲ್ಲಿ ಕೂತು, ನನ್ನ ಸೀಮೆಸುಣ್ಣದಲ್ಲೇ ಬರೆದರು. ಹನ್ನೆರಡು ದಿನಕ್ಕೆ ಯಂತ್ರ ನಿಲ್ಲಿಸಿದೆ. ನೋಡಿದವರೆಲ್ಲ ಮುಟ್ಟಿ ನೋಡಿ ಹೋದರು. ಮೇಡಂ ಹತ್ತು ಸಲ ತೂಕ ಬೀಳಿಸಿ ಹೇಳಿದರು:

"ಕೂದಲಷ್ಟು ಓರೆ ಐತೆ ಅಣ್ಣ."

ನನಗೆ ಮೈ ಉರಿಯಿತು. "ಮೇಡಂ, ಮೂವತ್ತು ವರ್ಷದಿಂದ ಕೆಲ್ಸ ಮಾಡ್ತಿದೀನಿ. ಓರೆ ಅಂದೋರು ಯಾರೂ ಇಲ್ಲ."

"ನಾನೂ ಅನ್ನಲ್ಲ ಬಿಡಿ. ಅದೇ ಹೇಳ್ಲಿ."

ಒಂದು ಬಿಳಿ ಕಾಗದ, ಅದರ ಮೇಲೆ ಕಾರ್ಬನ್ ಕಾಗದ ಹಾಕಿ, ಮತ್ತೆ ಹತ್ತು ಸಲ ಬೀಳಿಸಲು ನನಗೇ ಹೇಳಿದರು. ಬೀಳಿಸಿದೆ. ಕಾರ್ಬನ್ ಎತ್ತಿದಾಗ ಹತ್ತು ಚುಕ್ಕೆಗಳು. ಹತ್ತೂ ನಡುವಿನಿಂದ ಒಂದು ನೂಲೆಳೆಯಷ್ಟು ಎಡಕ್ಕೆ, ಕುರಿಗಳ ಹಾಗೆ ಗುಂಪು ಕಟ್ಟಿ ನಿಂತಿದ್ದವು. ಅವರು ಗೆದ್ದವರ ಮುಖ ಮಾಡಲಿಲ್ಲ. ಕಾಗದವನ್ನು ನನ್ನ ಕೈಯಲ್ಲೇ ಬಿಟ್ಟು ಟೀ ತರಿಸಲು ಹೋದರು. ಅವತ್ತು ಸಾಯಂಕಾಲದೊಳಗೆ ಎಲ್ಲ ಬಿಚ್ಚಿ, ಬುಡದ ಪ್ಲೇಟನ್ನು ಲೇತಿಗೆ ಏರಿಸಿ ಮತ್ತೆ ಕೆತ್ತಿದೆ. ಮೂರನೇ ಸಲಕ್ಕೆ ಹತ್ತೂ ಏಟು ಒಂದೇ ಚುಕ್ಕೆಯಾಗಿ ಬಿತ್ತು. ಆ ಕಾಗದವನ್ನು ಮೇಡಂ ಗೋಡೌನಿನ ಗೋಡೆಗೆ ಅಂಟಿಸಿದರು. ಬಂದವರಿಗೆಲ್ಲ, "ಇದು ನಮ್ಮಣ್ಣನ ಸರ್ಟಿಫಿಕೇಟು," ಅಂತ ತೋರಿಸುತ್ತಿದ್ದರು. ನನ್ನ ಜೀವನದಲ್ಲಿ ಸಿಕ್ಕ ಮೊದಲ ಸರ್ಟಿಫಿಕೇಟು ಅದೇ.

ಅವರ ಪದ್ಧತಿ ಅದು. ವಾದ ಮಾಡುತ್ತಿರಲಿಲ್ಲ, ವಸ್ತುವಿನ ಬಾಯಲ್ಲೇ ಹೇಳಿಸುತ್ತಿದ್ದರು.

ಇನ್ನು ನನ್ನ ತಪ್ಪಿನ ಕಥೆ. ಇದನ್ನು ಬಿಟ್ಟು ಬರೆದರೆ ಮೇಡಮ್ಮನ ಬಗ್ಗೆ ಬರೆದ ಹಾಗೆ ಆಗುವುದಿಲ್ಲ.

ಕೊಂಬುಗಳು ಶಿರಾದಿಂದ ಬರುತ್ತಿದ್ದವು. ಅಲ್ಲಿನ ಮಾಂಸದಂಗಡಿಯ ಬಾಷಾ ಸಾಬರು ವಾರಕ್ಕೊಮ್ಮೆ ಬಸ್ಸಿನಲ್ಲಿ ಚೀಲ ಹಾಕಿ ಕಳಿಸಿ, "ಬೇಗ ಇಳಿಸ್ಕೊಳ್ಳಿ ಭಾಯ್, ಕಂಡಕ್ಟರ್ ಪರೇಶಾನ್ ಆಗ್ತಾನೆ," ಎಂದು ಫೋನು ಮಾಡುತ್ತಿದ್ದರು. ಆ ವಾಸನೆಗೆ ಬೀದಿಯ ನಾಯಿಗಳೆಲ್ಲ ಗೋಡೌನಿನ ಮುಂದೆ ಸಭೆ ಸೇರುತ್ತಿದ್ದವು. "ಇದನ್ನ ಕ್ಲೀನ್ ಮಾಡಿ, ಪಟ್ಟಿ ಕುಯ್ದು ಕೊಡ್ತೀರಾ ಅಣ್ಣ?" ಎಂದು ಮೇಡಂ ಕೇಳಿದರು. ಒಪ್ಪಿದೆ. ಕ್ಲೀನ್ ಮಾಡುವುದು ಎಂದರೆ ನಮ್ಮ ಕಡೆ ಏನು? ತೊಳೆಯುವುದು, ಒಣಗಿಸುವುದು. ಹುಣಸೆಹಣ್ಣಾಗಲಿ, ಕಡಲೆಕಾಯಾಗಲಿ, ಬಿಸಿಲು ಕಾಣದ ಸಾಮಾನನ್ನು ನಾವು ಒಳಗೆ ಇಟ್ಟುಕೊಳ್ಳುವುದಿಲ್ಲ. ಕೊಂಬನ್ನು ಸೀಗೆಪುಡಿ ಹಾಕಿ ತೊಳೆದೆ, ಅಂಗಡಿಯ ತಗಡಿನ ಸೂರಿನ ಮೇಲೆ ಹದಿನೈದು ದಿನ ಹರಡಿದೆ, ಪಟ್ಟಿ ಕುಯ್ದು ಹರಳೆಣ್ಣೆ ಸವರಿ ಉಜ್ಜಿದೆ. ಮಿರಮಿರ ಮಿಂಚುತ್ತಿದ್ದವು, ಹಸಿಯಾಗಿ ಈಗಷ್ಟೇ ತೆಗೆದ ಹಾಗೆ. ಹೊಗಳಲಿ ಎಂದು ಕಾದೆ. ಮೇಡಂ ಹೊಗಳಿದರು. ಒಣಗಿಸಿದ್ದನ್ನು ನಾನು ಹೇಳಲಿಲ್ಲ. ಅನ್ನ ಬೇಯಿಸಿದೆ ಎಂದು ಯಾರಾದರೂ ಬೇರೆ ಹೇಳುತ್ತಾರೆಯೇ?

ಆ ಪಟ್ಟಿಗಳನ್ನು ಮುರಿದು, ಅಳೆದು, ಅವುಗಳ ಲೆಕ್ಕಕ್ಕೆ ಸರಿಯಾಗಿ ಮೇಡಂ ತಮ್ಮ ಹಾಳೆ ಮಾಡುತ್ತಿದ್ದರು. ಹಾಳೆ ಎರಡನೇ ಏಟಿಗೆ, ಮೂರನೇ ಏಟಿಗೆ ಒಡೆಯುತ್ತಿತ್ತು. ನೀಲಿ ಬೆಳಕು ಪಳಕ್ ಎಂದು ಹೊಳೆದು, ಬೆಳಕಿನ ಹಿಂದೆಯೇ ಬಿರುಕು. ಮೂರು ತಿಂಗಳು ಹೀಗೇ ಕಳೆಯಿತು. ಬಿಸ್ಕತ್ತು ಬಗ್ಗಿಸಿ ನೋಡುತ್ತಿದ್ದವರು ಸುಮ್ಮನೆ ಟೀಯಲ್ಲಿ ಅದ್ದಿ ತಿನ್ನುವುದಕ್ಕೆ ಶುರು ಮಾಡಿದಾಗ ನನಗೆ ದಿಗಿಲಾಯಿತು.

"ಕೊಂಬಿನ ಮೇಲೆ ನಾನು ಇಟ್ಟ ನಂಬಿಕೆನೇ ಸುಳ್ಳೇನೋ ಅಣ್ಣ," ಅಂದರು ಒಂದು ದಿನ. "ಸಮಿತಿ ಬರೋಕೆ ನಲವತ್ತೈದು ದಿನ ಐತೆ. ಅಮ್ಮನಿಗೆ ಏನ್ ಹೇಳ್ಲಿ?"

ಅದಾದ ವಾರಕ್ಕೆ ಕಲ್ಲುಕೆಲಸದ ಒಬ್ಬ ಆಸಾಮಿ ಗುದ್ದಲಿ ತಂದ. ಅದರ ಮರದ ಕಾವು ಸಡಿಲವಾಗಿ ಅಲ್ಲಾಡುತ್ತಿತ್ತು. ಇದಕ್ಕೆ ರಿಪೇರಿ ಏನೂ ಬೇಕಾಗಿಲ್ಲ. ನೀರಿನಲ್ಲಿ ನೆನೆಹಾಕಿದರೆ ಮರ ಉಬ್ಬಿ ತಾನೇ ಬಿಗಿಯಾಗುತ್ತದೆ, ಬೇಗ ಸೀಳುವುದೂ ಇಲ್ಲ. "ನಾಳೆ ಬಾರಪ್ಪ," ಅಂದು ಕಾದ ಕಬ್ಬಿಣ ಅದ್ದುವ ಡ್ರಮ್ಮಿಗೆ ಗುದ್ದಲಿ ಇಳಿಬಿಟ್ಟೆ. ಮರುದಿನ ತೆಗೆಯುವಾಗ ಅದರ ಜೊತೆ ಒಂದು ಕೊಂಬಿನ ಪಟ್ಟಿ ಮೇಲೆ ಬಂತು. ಯಾವಾಗಲೋ ಕುಯ್ಯುವಾಗ ಹಾರಿ ಬಿದ್ದದ್ದು. ಚೂರು ಮಾಡಿ ಬಿಸಾಕೋಣ ಎಂದು ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲೆ ಇಟ್ಟು ಸುತ್ತಿಗೆಯಲ್ಲಿ ಹೊಡೆದೆ. ಸುತ್ತಿಗೆ ಪುಟಿದು ಮೇಲೆ ಬಂತು. ಮತ್ತೆ ಹೊಡೆದೆ. ಮತ್ತೆ ಪುಟಿಯಿತು. ಡಬ್ಬಿಯಿಂದ ಒಣಗಿದ ಪಟ್ಟಿ ಒಂದನ್ನು ತೆಗೆದು ಅದೇ ಏಟು ಕೊಟ್ಟೆ. ಹಪ್ಪಳದ ಹಾಗೆ ಎರಡಾಯಿತು.

ಸುತ್ತಿಗೆಯನ್ನು ಕೆಳಗೆ ಇಟ್ಟು ಕೂತೆ. ಮೂರು ತಿಂಗಳು ಮೇಡಂ ಅನುಸರಿಸಿದ್ದು ಟಗರಿನ ಕೊಂಬನ್ನಲ್ಲ, ನನ್ನ ಸೂರಿನ ಬಿಸಿಲನ್ನು.

ಮಧ್ಯಾಹ್ನ ಗಂಗಮ್ಮ ಬಡಿಸಿದ ಮುದ್ದೆ ಹಾಗೇ ಇತ್ತು. "ಏನಾಯ್ತು? ಮುದ್ದೆ ಮುಟ್ಟೇ ಇಲ್ವಲ್ಲ," ಅಂದಳು. ಹೇಳಿದೆ. ಯಾರೂ ನೋಡಿಲ್ಲ, ಇನ್ನು ಮೇಲೆ ನೆನೆಸಿ ಕೊಟ್ಟುಬಿಡುತ್ತೇನೆ, ಗೊತ್ತಾಗುವುದಿಲ್ಲ ಎಂದೂ ಹೇಳಿದೆ. ಮನಸ್ಸಿಗೆ ಬಂದದ್ದನ್ನು ಮುಚ್ಚಿಡುವುದು ಯಾಕೆ?

ಗಂಗಮ್ಮ ಸಾರು ಬಡಿಸುತ್ತ ಕೇಳಿದಳು: "ನಿಮ್ ವೆಲ್ಡಿಂಗ್ ಬುಟ್ಕೊಂಡ್ರೆ ಏನ್ ಮಾಡ್ತೀರಾ, ಮೇಲೆ ಬಣ್ಣ ಹೊಡೆದು ಕಳಿಸ್ತೀರಾ?"

"ಎಲ್ಲಾದ್ರೂ ಉಂಟಾ? ಕೆರೆದು ಮತ್ತೆ ಹಾಕ್ತೀನಿ."

"ಅಂಗೇ ಮಾಡಿ. ಎದ್ದೋಗಿ ಹೇಳ್ಬುಡಿ. ಮುದ್ದೆ ಆರೋದ್ರೆ ಬೇರೆ ಮಾಡಿಕ್ತೀನಿ."

ಎರಡು ಪಟ್ಟಿಗಳನ್ನು ಎರಡು ಜೇಬಿನಲ್ಲಿ ಹಾಕಿಕೊಂಡು ಗೋಡೌನಿಗೆ ಹೋದೆ. ಐವತ್ತು ಹೆಜ್ಜೆ ದೂರವಿಲ್ಲ. ಅಷ್ಟು ದೂರ ನಡೆದದ್ದು ನನಗೆ ಇವತ್ತಿಗೂ ನೆನಪಿದೆ. ಮೇಡಂ ಏನೋ ಬರೆಯುತ್ತಿದ್ದರು. ಬಾಯಿಮಾತಿನಲ್ಲಿ ಹೇಳುವ ಧೈರ್ಯ ಬರಲಿಲ್ಲ. ಪಟ್ಟಿಗಳನ್ನು ಅವರ ಮುಂದೆ ಇಟ್ಟೆ.

"ಮೇಡಂ, ಇವೆರಡನ್ನೂ ಮುರೀರಿ."

ಅವರು ನನ್ನ ಮುಖ ನೋಡಿದರು, ಎದ್ದು ಯಂತ್ರಕ್ಕೆ ಇಟ್ಟರು. ಒಣಗಿದ್ದು ಚಟ್ ಎಂದಿತು. ನೆನೆದದ್ದರ ಮೇಲೆ ತೂಕ ಬಿದ್ದು, ಎದ್ದು, ಮತ್ತೆ ಬಿದ್ದು ನಿಂತಿತು. ಪಟ್ಟಿ ಹಾಗೇ ಇತ್ತು.

"ಇದು ಎಲ್ಲಿತ್ತು?"

"ನೀರಿನ ಡ್ರಮ್ಮಲ್ಲಿ."

"ಅದು?"

"ನಮ್ ಸೂರಿನ ಮೇಲೆ. ಹದಿನೈದು ದಿನ ಬಿಸ್ಲಲ್ಲಿ. ಎಲ್ಲಾನೂ ಅಂಗೇ ಮಾಡಿದೀನಿ ಮೇಡಂ. ಒಂದೂ ಬುಟ್ಟಿಲ್ಲ. ತಪ್ಪಾಯ್ತು."

ಅವರು ಕನ್ನಡಕ ತೆಗೆದು ನೆಲದ ಮೇಲೆ ಕೂತುಬಿಟ್ಟರು. "ಅಯ್ಯೋ ದೇವುಡಾ," ಅಂದರು ಮೆಲ್ಲಗೆ. ಬೈಗುಳಕ್ಕೆ ತಲೆ ಬಗ್ಗಿಸಿಕೊಂಡು ನಿಂತೆ. ಸ್ವಲ್ಪ ಹೊತ್ತಾದಮೇಲೆ ತಲೆ ಎತ್ತಿದರೆ ಅವರ ಭುಜ ಅಲುಗುತ್ತಿತ್ತು. ಅಳುತ್ತಿದ್ದಾರೆ ಅಂದುಕೊಂಡೆ. ನಗುತ್ತಿದ್ದರು.

"ಒದ್ದೆ ಕೊಂಬು ಬೇರೆ, ಒಣ ಕೊಂಬು ಬೇರೆ ಅಂತ ಓದಿದ್ದೆ ಅಣ್ಣ. ಪುಸ್ತಕದಲ್ಲಿ ಐತೆ ಅದು. ಎಣ್ಣೆ ಹೊಳಪು ನೋಡಿ ಹಸೀದೇ ಅಂದ್ಕೊಂಡೆ. ಒಂದು ಮಾತು ಕೇಳ್ಲಿಲ್ಲ ನಾನು. ಕಾರ್ಬನ್ ಕಾಗದ ಹಾಕಿ ನಿಮ್ಮ ಓರೆ ಹುಡುಕಿದೋಳು, ನನ್ನ ಓರೆ ನೋಡ್ಕೊಳ್ಳಿಲ್ಲ." ಆಮೇಲೆ ಥಟ್ಟನೆ ನಗು ನಿಲ್ಲಿಸಿದರು. "ಒಣಗಿದ ಪಟ್ಟಿ ಎಷ್ಟು ಉಳಿದಾವೆ?"

"ಒಂದು ಡಬ್ಬಿ. ಎಸೆದುಬುಡ್ತೀನಿ."

"ಒಂದನ್ನೂ ಎಸೀಬೇಡಿ. ಒಂದೇ ಅಳತೆಯ ಎರಡು ಪಟ್ಟಿ, ಒಂದು ಒಣದು ಒಂದು ಒದ್ದೆ. ಇದನ್ನ ನಾನು ಕೇಳಿದ್ರೂ ಇಷ್ಟು ನೀಟಾಗಿ ಯಾರೂ ಮಾಡಿಕೊಡ್ತಿರ್ಲಿಲ್ಲ."

ಅವತ್ತಿನಿಂದ ಮೂವತ್ತೆಂಟು ದಿನ ಆ ಗೋಡೌನು ಮದುವೆಮನೆಯಾಯಿತು. ಅರ್ಧ ದಿನ ನೆನೆದದ್ದು, ಒಂದು ದಿನ ನೆನೆದದ್ದು, ಮೂರು ದಿನದ್ದು, ಎಲ್ಲವನ್ನೂ ಬಕೆಟ್ಟುಗಳಲ್ಲಿ ಸಾಲಾಗಿಟ್ಟು ಸೀಮೆಸುಣ್ಣದಲ್ಲಿ ಗುರುತು ಹಾಕಿದೆ. ಮೇಡಂ ಮುರಿಯುತ್ತಲೇ ಹೋದರು. ಬಿಸ್ಕತ್ತನ್ನೂ ಮತ್ತೆ ಬಗ್ಗಿಸುವುದಕ್ಕೆ ಶುರು ಮಾಡಿದರು. ನನಗೆ ಸಮಾಧಾನವಾಯಿತು.

ಅವರು ಹೇಳಿದ್ದರಲ್ಲಿ ನನಗೆ ತಿಳಿದಷ್ಟು ಇಷ್ಟು. ಕೊಂಬು ಪದರ ಪದರವಾಗಿರುತ್ತದೆ. ನೀರು ಕುಡಿದಾಗ ಪದರಗಳಿಗೆ ಒಂದರ ಪಕ್ಕ ಒಂದು ಚೂರು ಜರುಗಲು ಎಡೆ ಸಿಗುತ್ತದೆ. ಬಿರುಕು ಓಡಲು ಹೊರಟರೆ, ಸಂತೆಯಲ್ಲಿ ಓಡಲು ಹೊರಟವನ ಹಾಗೆ, ಹೆಜ್ಜೆಗೊಬ್ಬರು ಅಡ್ಡ ಬಂದು, ತಿರುಗಿ ತಿರುಗಿ ಸುಸ್ತಾಗಿ ನಿಲ್ಲುತ್ತದೆ. ಒಣಗಿದರೆ ಪದರಗಳೆಲ್ಲ ಬಿಗಿದುಕೊಂಡು ಒಂದೇ ಆಗುತ್ತವೆ. ಬಿರುಕಿಗೆ ಅದು ಖಾಲಿ ರಸ್ತೆ. ಹಾಳೆಗೆ ನೀರು ಕುಡಿಸಲು ಆಗುವುದಿಲ್ಲ. ಅದಕ್ಕೆ ಮೇಡಂ ಗಟ್ಟಿ ಪದರಗಳ ನಡುವೆ ಮೆತ್ತನೆಯ ಒಂದೊಂದು ಪದರ ಸೇರಿಸಿದರು. ಆ ಬೆಳಗುವ ಸರಪಳಿಯನ್ನು ಮೆತ್ತನೆಯ ಪದರದಲ್ಲೇ ಇಟ್ಟರು. ಮೂವತ್ತೆರಡನೇ ದಿನ ಒಂದು ಹಾಳೆ ನಾಲ್ಕು ಏಟು ತಡೆಯಿತು. ಮೂವತ್ತಾರನೇ ದಿನ ಇನ್ನೊಂದು ಒಂಬತ್ತು ಏಟು ತಡೆದು ಅಂಚಿನಲ್ಲಿ ಸೀಳಿತು. ಕೊನೆಯ ಎರಡು ಹಾಳೆಗಳನ್ನು ಮುರಿದು ನೋಡಲು ಹೊತ್ತೇ ಇರಲಿಲ್ಲ.

ಸಮಿತಿಯವರು ಐದು ಜನ ಬಂದರು. ಬೆಳಗ್ಗೆ ಹನ್ನೊಂದು ಗಂಟೆ. ಗೋಡೌನಿನ ಕಿಟಕಿ, ಬಾಗಿಲು, ಸೂರಿನ ಸಂದುಗಳಿಗೆಲ್ಲ ನಾನು ಕಂಬಳಿ ಕಟ್ಟಿ ಕತ್ತಲೆ ಮಾಡಿದ್ದೆ. ಅವರಲ್ಲಿ ಹಿರಿಯರೊಬ್ಬರು ಇಸ್ತ್ರಿ ಅಂಗಿಯವರು. ನನ್ನ ಎಣ್ಣೆ ಕೈ ನೋಡಿ ಮೇಡಮ್ಮನನ್ನು ಕೇಳಿದರು:

"ಇವರು ಏನು ಓದಿದಾರೆ?"

"ಸರ್, ನಿಮ್ಮ ಹಿಂದಿನ ಗೋಡೆ ನೋಡಿ. ಅದು ಇವರ ಸರ್ಟಿಫಿಕೇಟು."

ಹಿರಿಯರು ಟಾರ್ಚ್ ಬಿಟ್ಟು ಆ ಕಾರ್ಬನ್ ಕಾಗದದ ಒಂದೇ ಚುಕ್ಕೆಯನ್ನು ನೋಡಿದರು. "ಎಷ್ಟು ಏಟು ಇದು?" ಅಂದರು. ಹತ್ತು ಎಂದೆ. ಮತ್ತೆ ನನ್ನ ಓದಿನ ವಿಚಾರ ಎತ್ತಲಿಲ್ಲ.

ದೀಪ ಆರಿಸಿದೆವು. ಕಣ್ಣು ಹೊಂದಿಕೊಳ್ಳುವ ತನಕ ಕಾದೆವು. ಮೇಡಂ, "ಬಿಡಿ ಅಣ್ಣ," ಅಂದರು. ಯಂತ್ರದಲ್ಲಿ ತೂಕ ಹಿಡಿದಿದ್ದ ಕೊಂಡಿ ಬಿಚ್ಚಿದೆ. ತೂಕ ಬಿತ್ತು. ಹಾಳೆಯ ನಡುವಿನಿಂದ ನೀಲಿ ಬೆಳಕು ಜಾಲಿಮರದ ಕೊಂಬೆಗಳ ಹಾಗೆ ಕವಲು ಕವಲಾಗಿ ಹರಡಿ ಆರಿತು. ಟಾರ್ಚ್ ಬಿಟ್ಟರೆ ಹಾಳೆ ಇಡಿಯಾಗಿತ್ತು. ಎರಡು. ಮೂರು. ಐದನೇ ಏಟಿನ ಹೊತ್ತಿಗೆ ನನ್ನ ಅಂಗಿ ಬೆನ್ನಿಗೆ ಅಂಟಿತ್ತು. ಮೂರು ತಿಂಗಳು ತಿಂದವನು ನಾನಲ್ಲವೇ? ಪ್ರತಿ ಸಲವೂ ಬೆಳಕು ಹೊಸ ದಾರಿ ಹುಡುಕಿಕೊಂಡು ಹೋಗಿ, ಎಲ್ಲೋ ಪದರಗಳ ಮಧ್ಯೆ ಸುಸ್ತಾಗಿ ಆರುತ್ತಿತ್ತು. ಒಂಬತ್ತು. ಹತ್ತು. ಟಾರ್ಚ್ ಬಿಟ್ಟು ಐದು ಜನರೂ ಬಗ್ಗಿದರು. ಹಾಳೆ ಇಡಿಯಾಗಿತ್ತು.

ಅಷ್ಟಕ್ಕೆ ಮುಗಿಯಬೇಕಿತ್ತು. ಹಿರಿಯರು ಗಂಟಲು ಸರಿಮಾಡಿಕೊಂಡು, "ತೂಕ ಇನ್ನೂ ಜಾಸ್ತಿ ಮಾಡಿದ್ರೆ?" ಅಂದರು. ಅದು ಒಪ್ಪಂದದಲ್ಲಿ ಇರಲಿಲ್ಲ. ಆಗೋದಿಲ್ಲ ಎನ್ನಬಹುದಾಗಿತ್ತು. ಮೇಡಂ ಕತ್ತಲಲ್ಲಿ ನನ್ನ ಕಡೆ ತಿರುಗಿದರು.

"ಕಂಬಿ ತಡೀತದಾ ಅಣ್ಣ?"

"ನನ್ ಕೆಲ್ಸ ವಾಪಸ್ ಬರಲ್ಲ ಮೇಡಂ. ನಿಮ್ದು?"

"ನಂದೂ ಬರಲ್ಲ."

ಅಂಗಡಿಗೆ ಓಡಿ ಹಳೇ ಟ್ರ್ಯಾಕ್ಟರಿನ ಗೇರ್ ಚಕ್ರವೊಂದನ್ನು ಹೊತ್ತು ತಂದು ತೂಕದ ಮೇಲೆ ಬಿಗಿದೆ. ಉಳಿದಿದ್ದ ಹೊಸ ಹಾಳೆಯನ್ನು ಕೆಳಗೆ ಇಟ್ಟರು. ಮೇಡಂ ಕೊಂಡಿಗೆ ತಾವೇ ಕೈ ಹಾಕಿದರು. ಬಿದ್ದ ಸದ್ದಿಗೆ ಸೂರಿನ ದೂಳೆಲ್ಲ ಉದುರಿತು. ಇಡೀ ಹಾಳೆ, ಅಂಚಿನಿಂದ ಅಂಚಿಗೆ, ಒಂದೇ ಸಲ ಬೆಳಗಿತು. ಆ ಬೆಳಕಿನಲ್ಲಿ ನಾನು ಐದು ಜನರ ಮುಖವನ್ನೂ ನೋಡಿದೆ. ಕಂಬಳಿಯೊಳಗೆ ಮೊದಲ ದಿನ ನನ್ನ ಮುಖ ಹೇಗಿದ್ದಿರಬೇಕು ಎಂದು ಆಗ ತಿಳಿಯಿತು.

ದೀಪ ಹಾಕಿದರೆ ಕೊಂಡಿ ಸೊಟ್ಟಗಾಗಿತ್ತು. ಗೇರ್ ಚಕ್ರ ಒಂದು ಕಡೆ ವಾಲಿತ್ತು. ಹಾಳೆ ಮಲಗಿದ್ದ ಹಾಗೇ ಮಲಗಿತ್ತು. ಮೇಡಂ ಅದನ್ನು ಎತ್ತಿಕೊಂಡರು. ಎರಡು ತುದಿ ಹಿಡಿದು ಬಗ್ಗಿಸುತ್ತಾರೆ ಎಂದು ನಾನು ನೋಡುತ್ತಿದ್ದೆ. ಬಗ್ಗಿಸಲಿಲ್ಲ. ಮಗುವಿನ ಬೆನ್ನು ತಟ್ಟುವ ಹಾಗೆ ಎರಡು ಸಲ ತಟ್ಟಿದರು. ಆಮೇಲೆ ಹೊರಗೆ ಹೋಗಿ ತಾಯಿಗೆ ಫೋನು ಮಾಡಿದರು. ನನಗೆ ಕೇಳಿಸಿದ್ದು ಒಂದೇ ಮಾತು: "ಪಗಲಲೇದಮ್ಮಾ." ಒಡೆಯಲಿಲ್ಲ ಅಂತ. ಅದನ್ನೇ ಮೂರು ಸಲ ಹೇಳಿದರು.

ಕೆಲಸ ಮುಂದುವರಿಯಿತು, ಮೇಡಂ ಕೆಲಸ ಖಾಯಮ್ಮೂ ಆಯಿತು. ಆದರೆ ದೊಡ್ಡದಾದ ಕೆಲಸ ಗೋಡೌನಿನಲ್ಲಿ ಹಿಡಿಯಲಿಲ್ಲ. ಸಂಸ್ಥೆಯವರು ತಮ್ಮಲ್ಲಿಯೇ ದೊಡ್ಡ ಪ್ರಯೋಗಶಾಲೆ ಕೊಟ್ಟರು. ಹೊರಡುವ ಮುಂಚೆ ಒಂದು ಬೆಳಗ್ಗೆ ಅಂಗಡಿಗೆ ಬಂದರು. ಕೈಯಲ್ಲಿ ಅಚ್ಚಾದ ಅವರ ಲೇಖನ. ಮೇಲೆ ಮೂರು ಹೆಸರು. ಒಂದು ಅವರದು, ಒಂದು ಅವರ ಸಂಸ್ಥೆಯವರೊಬ್ಬರದು, ಮೂರನೆಯದು ನನ್ನದು. ಓದಲು ಬಾರದ ಆ ಇಂಗ್ಲಿಷಿನಲ್ಲಿ ನನ್ನ ಹೆಸರನ್ನು ಮಾತ್ರ ಅಕ್ಷರ ಅಕ್ಷರವಾಗಿ ಓದಿದೆ. ಹೆಸರಿನ ಕೆಳಗೆ ಅವರವರು ಕೆಲಸ ಮಾಡುವ ಸಂಸ್ಥೆಯ ವಿಳಾಸ ಕೊಡುತ್ತಾರಂತೆ. ನನ್ನ ಹೆಸರಿನ ಕೆಳಗೆ ನಮ್ಮ ಲೇತ್ ಅಂಗಡಿಯ ಹೆಸರು, ಶಿರಾ ರಸ್ತೆ, ಮಧುಗಿರಿ.

"ತಪ್ಪು ಮಾಡಿದೋನ ಹೆಸ್ರು ಹಾಕಿದೀರಲ್ಲ ಮೇಡಂ," ಅಂದೆ.

"ಅದರಲ್ಲಿರೋ ಅರ್ಧ ಲೆಕ್ಕ ನಿಮ್ಮ ಸೂರಿನ ಮೇಲೇ ಒಣಗಿದ್ದು. ಹಾಕದೆ ಇದ್ರೆ ಅದು ತಪ್ಪು."

ಗಂಗಮ್ಮ ಬಿಸ್ಕತ್ತು ತಂದಳು, ಜೊತೆಗೆ ಒಂದು ಬಾಚಣಿಗೆ. "ಇದು ನಿಮ್ಗೇ ಮೇಡಮ್ಮೋರೆ, ಮುರ್ಕೊಳ್ಳಿ. ದಾರೀಲಿ ಬೇಜಾರಾದ್ರೆ ಬೇಕಾಯ್ತದೆ." ಮೇಡಂ ಅದನ್ನು ಬ್ಯಾಗಿಗೆ ಹಾಕಿಕೊಂಡು, ಅದೇ ಬ್ಯಾಗಿನಿಂದ ಒಂದು ಹಾಳೆ ತೆಗೆದು ನನ್ನ ಕೈಗಿಟ್ಟರು. ಅವತ್ತು ಕೊನೆಗೆ ಮಾಡಿದ್ದ ಹಾಳೆಗಳ ಜಾತಿಯದೇ, ಹೊಸದು.

"ನಿಮ್ಮ ಹತ್ರ ಎಂಥೆಂಥ ಸುತ್ತಿಗೆ ಇದಾವೆ ಅಂತ ನನಗೆ ಗೊತ್ತು. ಹೊಡೀತಾ ಇರಿ. ಮುರಿದ ದಿನ ಫೋನ್ ಮಾಡಿ ಅಣ್ಣ. ಎಲ್ಲಿದ್ರೂ ಬರ್ತೀನಿ, ಯಾಕೆ ಮುರೀತು ನೋಡೋಕೆ."

ಆಮೇಲೆ ಅವರು ಈ ಕಡೆ ಬರಲಿಲ್ಲ. ಅವರ ಹಾಳೆ ಎಲ್ಲೆಲ್ಲಿಗೋ ಹೋಗಿದೆಯಂತೆ, ಹೆಲ್ಮೆಟ್ಟಿಗೂ ಹಾಕಿ ನೋಡುತ್ತಿದ್ದಾರಂತೆ. ಗೋಡೌನಿಗೆ ಮತ್ತೆ ಕಡಲೆಕಾಯಿ ಬಂದಿದೆ. ಯಂತ್ರ ಈಗ ನನ್ನ ಅಂಗಡಿಯ ಮೂಲೆಯಲ್ಲಿದೆ.

ಪ್ರತಿ ವರ್ಷ ಆಯುಧಪೂಜೆಯ ದಿನ ಲೇತು, ವೆಲ್ಡಿಂಗ್ ಮಿಷನ್ನು, ಡ್ರಿಲ್ಲು ಎಲ್ಲಕ್ಕೂ ಕುಂಕುಮ ಇಟ್ಟು, ಬೂದುಗುಂಬಳ ಒಡೆದಾದಮೇಲೆ, ಗಂಗಮ್ಮನೂ ನಾನೂ ಶಟರ್ ಎಳೆದುಕೊಳ್ಳುತ್ತೇವೆ. ಹಗಲು ಹೊತ್ತೇ ಆದರೂ ಒಳಗೆ ಕತ್ತಲೆಯಾಗುತ್ತದೆ. ಅಡಿಗಲ್ಲಿನ ಮೇಲೆ ಹಾಳೆ ಇಟ್ಟು, ನನ್ನ ಹತ್ತಿರ ಇರುವುದರಲ್ಲೇ ದೊಡ್ಡ ಸುತ್ತಿಗೆಯಿಂದ ಒಂದು ಏಟು, ಇರುವಷ್ಟು ಶಕ್ತಿ ಹಾಕಿ. ಒಮ್ಮೆ ಬೆಳಗಿದ ಜಾಗ ಮತ್ತೆ ಬೆಳಗುವುದಿಲ್ಲವಲ್ಲ, ಅದಕ್ಕೆ ಪ್ರತಿ ವರ್ಷ ಹೊಸ ಜಾಗ. ಹೊಡೆದ ಜಾಗಕ್ಕೆ ಸೀಮೆಸುಣ್ಣದಲ್ಲಿ ಒಂದು ಸೊನ್ನೆ ಸುತ್ತುತ್ತೇನೆ. ಈಗ ನಾಲ್ಕು ಸೊನ್ನೆಗಳಿವೆ.

ಗಂಗಮ್ಮ ಈ ವರ್ಷವೂ ಕೇಳಿದಳು: "ಮೇಡಮ್ಮೋರ್ಗೆ ಒಂದು ಫೋನ್ ಮಾಡಾಣ್ವಾ? ಮಾತಾಡಿ ಎಷ್ಟ್ ದಿನ ಆಯ್ತು."

ಮಾಡಬೇಕೆಂದು ನನಗೂ ಆಸೆಯೇ. ಫೋನನ್ನು ಕೈಗೆ ತೆಗೆದುಕೊಂಡೂ ಇದ್ದೆ. ಹಾಳೆಯನ್ನು ಟಾರ್ಚ್ ಬೆಳಕಿಗೆ ಹಿಡಿದು ಒಂದು ಸಲ ಸುತ್ತ ನೋಡಿದೆ. ಕೂದಲೆಳೆಯಷ್ಟೂ ಬಿರುಕು ಇರಲಿಲ್ಲ. ಫೋನನ್ನು ಜೇಬಿಗೆ ಹಾಕಿಕೊಂಡು ಶಟರ್ ಎತ್ತಿದೆ.